ಗೊಂಬೆಗೆ ಸೀರೆ ಉಡಿಸೋಣ, ಕುಂಚದಿಂದ!



2022ರ ನವರಾತ್ರಿಯಲ್ಲಿ ವಿಳಿಂಜಂನ ನಮ್ಮ ಮನೆಗೆ ಗೊಂಬೆ ನೋಡಲು ಮಕ್ಕಳ ದಂಡೇ ಬಂದಿತ್ತು. ಎಲ್ಲರ ಕೈಗೂ ಚರುಪು ಕೊಟ್ಟು, ಹಾಡು ಹೇಳಿಸಿ, ಇನ್ನೇನು ಕಳುಹಿಸಿಕೊಡಬೇಕು ಅನ್ನುವಾಗ ಒಬ್ಬ ಹುಡುಗಿ ಮೇಲಿನ ಮೆಟ್ಟಿಲಿನ ಪಟ್ಟದ ರಾಣಿಯನ್ನೇ ದಿಟ್ಟಿಸಿ ನೋಡುತ್ತ ನಿಂತಳು. ಹುಟ್ಟಿದ್ದು ತಿರುವನಂತಪುರದಲ್ಲಿ, ಓದುತ್ತಿರುವುದೂ ಇಲ್ಲೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮಲಯಾಳಂ, ಗೆಳತಿಯರೊಡನೆ ಇಂಗ್ಲಿಷು. ನಿಮ್ಮಲ್ಲಿ ಬಹಳ ಮಂದಿಯ ಹಾಗೆಯೇ ಎನ್ನಿ.

“ಆಂಟಿ, ಈ ರಾಣಿ ಬಲರಾಮಪುರಂ ಸೀರೆ ಉಟ್ಟಿದ್ದಾಳಲ್ಲ! ಮೈಸೂರಿನ ಗೊಂಬೆ ಅಂದ್ರಿ?”

ನಾನು ನಕ್ಕುಬಿಟ್ಟೆ. ಆಮೇಲೆ ಹತ್ತಿರ ಹೋಗಿ ನೋಡಿದೆ. ಹುಡುಗಿ ಹೇಳಿದ್ದು ಸುಳ್ಳಲ್ಲ! ರಾಣಿಯ ಸೀರೆಯ ಬಣ್ಣ ಹೆಚ್ಚು ಕಡಿಮೆ ಪೂರ್ತಿ ಉದುರಿಹೋಗಿ ತಳದ ಕೆನೆಬಣ್ಣ ಮಾತ್ರ ಉಳಿದಿತ್ತು. ಅಂಚಿನಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಹಳದಿ. ಕೆನೆಬಣ್ಣದ ಒಡಲು, ಚಿನ್ನದ ಅಂಚು ಎಂದರೆ ನಮ್ಮೂರಿನ ಪಕ್ಕದ ಬಲರಾಮಪುರಂನ ಕಸವು ಸೀರೆಯೇ ಸರಿ. ಕಡಲ ಗಾಳಿ ನಮ್ಮ ಅತ್ತೆಯವರ ಪಟ್ಟದ ರಾಣಿಯನ್ನು ಸದ್ದಿಲ್ಲದೆ ಮಲಯಾಳಿ ಮಾಡಿಬಿಟ್ಟಿತ್ತು.

“ಮೊದಲು ಯಾವ ಸೀರೆ ಇತ್ತು ಆಂಟಿ?” ಎಂದಳು ಹುಡುಗಿ. ನನಗೆ ಗೊತ್ತಿರಲಿಲ್ಲ. ಮೂವತ್ತಾರು ವರ್ಷಗಳಿಂದ ಪ್ರತಿ ವರ್ಷ ಆ ಗೊಂಬೆಯನ್ನು ಪೆಟ್ಟಿಗೆಯಿಂದ ತೆಗೆದು ಇಟ್ಟವಳು ನಾನು! ಈ ಲೇಖನ ಹುಟ್ಟಿದ್ದು ಆ ನಾಚಿಕೆಯಿಂದ.

ಪಟ್ಟದ ಗೊಂಬೆ ಎಂದರೇನೆಂದು ಕೆಲವರಿಗೆ ಹೇಳಬೇಕಾದೀತು. ಹಳೆಯ ಮೈಸೂರಿನ ಕಡೆ ಮದುವೆಯಲ್ಲಿ ತವರಿನವರು ಮಗಳಿಗೆ ಮರದ ರಾಜ-ರಾಣಿ ಜೋಡಿಯನ್ನು ಕೊಡುವ ವಾಡಿಕೆ. ದಸರೆಯಲ್ಲಿ ಅವರೇ ಮೊದಲು ಪಟ್ಟಕ್ಕೆ ಕೂರುವವರು, ಉಳಿದ ಗೊಂಬೆಗಳೆಲ್ಲ ಅವರ ಪರಿವಾರ. ಕೆಲವು ಮನೆಗಳಲ್ಲಿ ರಕ್ತಚಂದನದ ಬರಿಯ ಮರದ ಗೊಂಬೆ ಇರುತ್ತದೆ, ಅದಕ್ಕೆ ಪ್ರತಿವರ್ಷ ಹೊಸ ಬಟ್ಟೆ ಉಡಿಸುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ಸೀರೆ, ಕುಪ್ಪಸ, ಪಂಚೆ ಎಲ್ಲವನ್ನೂ ಮರದಲ್ಲೇ ಕೆತ್ತಿ ಬಣ್ಣ ಬಳಿದಿರುತ್ತದೆ. ನಮ್ಮದು ಎರಡನೆಯ ಜಾತಿ. ಅತ್ತೆಯವರ ಮದುವೆ 1958ರಲ್ಲಿ ಮೈಸೂರಿನಲ್ಲಿ ಆಯಿತು. ಆಗ ಬಂದ ಜೋಡಿ, ಎತ್ತರ ಒಂಬತ್ತು ಅಂಗುಲ. ನಮ್ಮ ಯಜಮಾನರಿಗೆ 1986ರಲ್ಲಿ ಇಲ್ಲಿಗೆ ವರ್ಗವಾದಾಗ ನಮ್ಮೊಡನೆ ರೈಲು ಹತ್ತಿ ಬಂದವು. ಆಗ ವಿಳಿಂಜಂ ಎಂದರೆ ಮೀನುಗಾರರ ಊರು, ಎಂಟನೆಯ ಶತಮಾನದ ಪುಟ್ಟ ಗುಹಾದೇಗುಲ, ದೀಪಸ್ತಂಭ, ಅಷ್ಟೆ. ಈಗ ಕಿಟಕಿ ತೆರೆದರೆ ಬಂದರಿನ ಕ್ರೇನುಗಳು ಆಕಾಶಕ್ಕೆ ಕತ್ತು ಚಾಚಿ ನಿಂತಿರುವುದು ಕಾಣುತ್ತದೆ. 2025ರ ಮೇ 2ರಂದು ಬಂದರಿನ ವಿಧ್ಯುಕ್ತ ಉದ್ಘಾಟನೆಯಾದದ್ದು ನಿಮಗೆಲ್ಲ ತಿಳಿದದ್ದೇ. ಊರು ಬದಲಾದರೂ ಗಾಳಿ ಮಾತ್ರ ಅದೇ. ಅದರಲ್ಲಿ ಉಪ್ಪು, ತೇವ, ಬೂಷ್ಟು ಮೂರೂ ಉಂಟು.

ರಾಣಿಗೆ ಮತ್ತೆ ಸೀರೆ ಉಡಿಸಬೇಕೆಂದು ತೀರ್ಮಾನಿಸಿದೆ, ಕುಂಚದಿಂದಲೇ. ಕಲಿಯಲು ಎರಡು ವರ್ಷ ಹಿಡಿಯಿತು. ಕಲಿತದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಓದುವಾಗ ಎಲ್ಲಾದರೂ ತಡವರಿಸಿದರೆ ಅಮ್ಮನನ್ನೋ ಅಜ್ಜಿಯನ್ನೋ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೇಗೂ ಸೀರೆಯ ವಿಷಯ, ಅವರಿಗೆ ಬೇಸರವಾಗದು.

ಮೊದಲು ಲೆಕ್ಕ

ಗೊಂಬೆಯ ಮೇಲೆ ಬಟ್ಟೆಯ ವಿನ್ಯಾಸ ಬರೆಯುವವರು ಮಾಡುವ ಮೊದಲ ತಪ್ಪು ಎಂದರೆ ವಿನ್ಯಾಸ ದೊಡ್ಡದಾಗುವುದು. ನಾನೂ ಮಾಡಿದೆ. ಚೌಕಳಿ ಸೀರೆ ಬರೆಯಲು ಹೋದರೆ ರಾಣಿ ಕಂಬಳಿ ಹೊದ್ದಂತೆ ಕಂಡಳು!

ಲೆಕ್ಕ ಹೀಗಿದೆ. ಐದಡಿ ಮೂರಂಗುಲದ ಹೆಂಗಸು ಎಂದರೆ 63 ಅಂಗುಲ. ನಮ್ಮ ರಾಣಿ 9 ಅಂಗುಲ. ಅಂದರೆ ಏಳರಲ್ಲಿ ಒಂದು ಪಾಲು. ನಾಲ್ಕಂಗುಲದ ಜರಿ ಅಂಚು ರಾಣಿಯ ಮೇಲೆ ಸುಮಾರು ಒಂದೂವರೆ ಸೆಂಟಿಮೀಟರ್ ಆಗಬೇಕು. ಅರ್ಧ ಅಂಗುಲದ ಚೌಕಳಿ ಎರಡು ಮಿಲಿಮೀಟರಿಗೂ ಕಡಿಮೆ. ಗೊಂಬೆ ಮೂರೇ ಅಂಗುಲದ್ದಾದರೆ ಇಪ್ಪತ್ತೊಂದರಲ್ಲಿ ಒಂದು ಪಾಲು, ಅದೇ ಚೌಕಳಿ ಅರ್ಧ ಮಿಲಿಮೀಟರಿಗೆ ಬಂದು ನಿಲ್ಲುತ್ತದೆ. ಅಷ್ಟು ಸಣ್ಣ ಗೆರೆ ಎಳೆಯಬಹುದು, ಆದರೆ ಎಳೆಯಬೇಕೇ?

ಇಲ್ಲೇ ಇನ್ನೊಂದು ಸಂಗತಿ ಇದೆ, ನನಗೆ ಬಹಳ ತಡವಾಗಿ ಹೊಳೆದದ್ದು. ಏಳರಲ್ಲೊಂದು ಪಾಲಿನ ಗೊಂಬೆಯನ್ನು ಎರಡಡಿ ದೂರದಿಂದ ನೋಡುವುದೂ, ನಿಜವಾದ ಹೆಂಗಸನ್ನು ಹದಿನಾಲ್ಕು ಅಡಿ ದೂರದಿಂದ ನೋಡುವುದೂ ಒಂದೇ. ಮುಂದಿನ ಸಲ ಸಂಘದ ರಾಜ್ಯೋತ್ಸವಕ್ಕೆ ಹೋದಾಗ ಸಭಾಂಗಣದ ಆ ತುದಿಯಲ್ಲಿ ನಿಂತ ಅತ್ತಿಗೆಯವರ ಸೀರೆಯನ್ನು ನೋಡಿ (ತೀರಾ ದಿಟ್ಟಿಸಬೇಡಿ!). ಬುಟ್ಟಾದ ಎಸಳು ಕಾಣುವುದಿಲ್ಲ, ಚುಕ್ಕಿಯಷ್ಟೇ ಕಾಣುತ್ತದೆ. ಬಣ್ಣಗಳೂ ಒಂದಕ್ಕೊಂದು ಕೂಡಿಕೊಂಡಂತೆ ಇರುತ್ತವೆ. ಕಪ್ಪು ಒಡಲಿನ ಮೇಲಿನ ಬಿಳಿ ಗೆರೆ ಬೂದಿಯಾಗಿ ಕಾಣುತ್ತದೆ. ಆದ್ದರಿಂದ ಗೊಂಬೆಯ ಮೇಲೆ ಬಿಳಿ ಗೆರೆ ಬೇಕಾದಲ್ಲಿ ಅಚ್ಚಬಿಳಿ ಹಾಕಬೇಡಿ, ಒಡಲಿನ ಬಣ್ಣವನ್ನೇ ಸ್ವಲ್ಪ ಬೆರೆಸಿ ಹಾಕಿ. ಗೆರೆ ದಪ್ಪವಾದರೂ ಕಣ್ಣು ಕ್ಷಮಿಸುತ್ತದೆ, ಬಣ್ಣ ಅರಚಿದರೆ ಕ್ಷಮಿಸುವುದಿಲ್ಲ.

ಯೂರೋಪಿನಲ್ಲಿ ಆಟದ ಸಿಪಾಯಿಗಳಿಗೆ ಬಣ್ಣ ಹಾಕುವುದೇ ದೊಡ್ಡ ಹವ್ಯಾಸ. ಇಂಗ್ಲೆಂಡಿನ ಬ್ರಿಟನ್ ಕಂಪೆನಿ 1893ರಲ್ಲಿ ಟೊಳ್ಳು ಸೀಸದ ಸಿಪಾಯಿಗಳನ್ನು ಎರಕ ಹೊಯ್ಯಲು ಆರಂಭಿಸಿದ ಮೇಲೆ 54 ಮಿಲಿಮೀಟರಿನ ಅಳತೆ ಜನಪ್ರಿಯವಾಯಿತು. ಅವರಿಗೆ ಸ್ಕಾಟ್‌ಲೆಂಡಿನ ಸಿಪಾಯಿಯ ಚೌಕಳಿ ಲಂಗವೇ ಅಗ್ನಿಪರೀಕ್ಷೆ. ನಮಗೆ ಇಳಕಲ್ ಸೀರೆ ಇದ್ದಂತೆ.

ಕಿನ್ನಾಳದವರು ಮಾಡುವ ರೀತಿ

ಈ ವಿದ್ಯೆಯ ತವರುಮನೆ ನಮ್ಮಲ್ಲೇ ಇರುವಾಗ ಯೂರೋಪಿನ ಮಾತೇಕೆ? ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ತಲೆಮಾರುಗಳಿಂದ ಮರದ ಗೊಂಬೆ ಮಾಡುತ್ತ ಬಂದಿವೆ. ತಮ್ಮ ಹಿರಿಯರು ವಿಜಯನಗರದ ಕಾಲದವರು, ಹಂಪಿಯಲ್ಲಿ ಕೆಲಸ ಮಾಡಿದವರು ಎಂದು ಅವರು ಹೇಳಿಕೊಳ್ಳುತ್ತಾರೆ. ಗೌರಿ, ಗರುಡ, ಕಾಮಧೇನು, ಹಣ್ಣು ಹೊತ್ತ ಹೆಂಗಸರು, ಹೀಗೆ ಎಷ್ಟೋ ಬಗೆ.

ಹಗುರ ಮರದಲ್ಲಿ ಕೈ, ಕಾಲು, ಮೈಯನ್ನು ಬೇರೆ ಬೇರೆ ಮಾಡಿ ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಅದಕ್ಕೂ ಹುಣಸೆಬೀಜದ ಅಂಟನ್ನೇ ಸೇರಿಸಿ ‘ಕಿಟ್ಟ’ ಎಂಬ ಕಣಕ ಮಾಡಿಕೊಂಡು ಮೈಗೆಲ್ಲ ಮೆತ್ತುತ್ತಾರೆ. ಅದರ ಮೇಲೆ ಬಟ್ಟೆಯ ಚೂರುಗಳನ್ನು ಅಂಟಿಸಿ, ಕಲ್ಲಿನ ಪುಡಿಯ ಲೇಪ ಕೊಡುತ್ತಾರೆ. ಬಣ್ಣ ಬರುವುದು ಇಷ್ಟೆಲ್ಲ ಆದ ಮೇಲೆ. ಒಡವೆ, ಅಂಚಿನ ಮುತ್ತು ಮೊದಲಾದವನ್ನು ಅದೇ ಲೇಪದಿಂದ ಉಬ್ಬಿಸಿ ಬರೆಯುತ್ತಾರೆ. ಆದ್ದರಿಂದ ಕಿನ್ನಾಳದ ಗೊಂಬೆಯ ಆಭರಣ ಕೈಗೆ ಸಿಗುತ್ತದೆ, ಬರೀ ಕಣ್ಣಿಗಲ್ಲ. ಸೀರೆಯ ಬಣ್ಣವಾದರೋ ಚಪ್ಪಟೆ, ಗಾಢ. ನೆರಳು ಬೆಳಕಿನ ಗೋಜು ಇಲ್ಲ. ಹಿಂದಿನವರು ಗೊಂಬೆಯನ್ನು ನೋಡುತ್ತಿದ್ದುದು ದೀಪದ ಬೆಳಕಿನಲ್ಲಿ, ಅಲ್ಲಿ ನೆರಳನ್ನು ದೀಪವೇ ಮೂಡಿಸುತ್ತಿತ್ತು ಎಂಬುದು ನನ್ನ ಊಹೆ.

ಚನ್ನಪಟ್ಟಣದ ಗೊಂಬೆಯ ಸೀರೆ ಬೇರೆ ರೀತಿ. ಹಾಲೆ ಮರದ ತುಂಡು ಚರಕಿಯ ಮೇಲೆ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ. ತಿರುಗುವ ಮರಕ್ಕೆ ಬರುವುದು ಸುತ್ತುಗೆರೆ ಮಾತ್ರ. ಆದ್ದರಿಂದ ಆ ಗೊಂಬೆಯ ಸೀರೆಗೆ ಅಡ್ಡಪಟ್ಟೆಯೇ ಸಹಜ, ನೆರಿಗೆ ಎಂಬುದೇ ಇಲ್ಲ. ಅದೇ ಅದರ ಚೆಂದ.

ತೊಗಲುಗೊಂಬೆಯನ್ನೂ ಮರೆಯಬಾರದು. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಮನೆಯಲ್ಲಿ ಹಬ್ಬದ ಸಂಭ್ರಮ! ತೊಗಲಿನ ಮೇಲೆ ಬಣ್ಣದ ಜೊತೆಗೆ ಸಣ್ಣ ಸಣ್ಣ ತೂತು ಕೊರೆದು ಸೀರೆಯ ಬುಟ್ಟಾ ಮಾಡುತ್ತಾರೆ, ಹಿಂದಿನ ದೀಪದ ಬೆಳಕು ತೂತಿನಲ್ಲಿ ಜರಿಯಂತೆ ಹೊಳೆಯುತ್ತದೆ. ಬಟ್ಟೆಯ ಹೊಳಪನ್ನು ಬೆಳಕಿನಿಂದಲೇ ನೇಯ್ದಂತೆ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಇಂಥ ಗೊಂಬೆಗಳ ಒಳ್ಳೆಯ ಸಂಗ್ರಹವಿದೆ. ರಜೆಗೆ ಬೆಂಗಳೂರಿಗೆ ಹೋದಾಗ ಮಾಲ್ ಸುತ್ತುವುದನ್ನು ಒಂದು ಮಧ್ಯಾಹ್ನ ಬಿಟ್ಟು ಅಲ್ಲಿಗೆ ಹೋಗಿಬನ್ನಿ.

ಕುಂದಾಪುರದ ಉಪ್ಪಿನಕುದ್ರುವಿನ ಕೊಗ್ಗ ದೇವಣ್ಣ ಕಾಮತರ ಮನೆತನದ, ನಮ್ಮದೇ ಕೇರಳದ ಕಾಸರಗೋಡಿನವರ ಯಕ್ಷಗಾನ ಗೊಂಬೆಗಳಿಗೆ ಮಾತ್ರ ನಿಜವಾದ ಬಟ್ಟೆ. ಒಂದೂವರೆ ಅಡಿಯ ಗೊಂಬೆ ಕುಣಿಯಬೇಕಲ್ಲ, ಬಣ್ಣದ ಬಟ್ಟೆ ಕುಣಿಯದು. ಅಲ್ಲಿಯೂ ಅಳತೆಯ ತೊಂದರೆ ತಪ್ಪಿದ್ದಲ್ಲ. ಆಳಿನ ಕಸೆ ಸೀರೆಯ ಚೌಕಳಿ ಗೊಂಬೆಗೆ ಆಗದು, ಸಣ್ಣ ಚೌಕಳಿಯ ಬಟ್ಟೆ ಹುಡುಕಬೇಕು.

ಕೆಲಸಕ್ಕೆ ಕೂತಾಗ

ನಾನು ರಾಣಿಯನ್ನು ಮೊದಲಿಗೆ ಮುಟ್ಟಲಿಲ್ಲ. ಮಣ್ಣಿನ ಶೆಟ್ಟಿತಿಯೊಬ್ಬಳಿದ್ದಳು, ಅಂಗಡಿ ಇಟ್ಟುಕೊಂಡು ಕೂತ ಶೆಟ್ಟಿಯ ಹೆಂಡತಿ. ಪ್ರಯೋಗವೆಲ್ಲ ಅವಳ ಮೇಲೆ. ಪಾಪ, ಮೂರು ಸಲ ಸೀರೆ ಬದಲಾಯಿಸಿದಳು.

ಸಾಮಾನು ಹೆಚ್ಚೇನೂ ಬೇಡ. ಅಕ್ರಿಲಿಕ್ ಬಣ್ಣ (ಫೆವಿಕ್ರಿಲ್ ಆದರೂ ಸಾಕು), ಒಂದು ಬಿಳಿ ಪಿಂಗಾಣಿ ತಟ್ಟೆ, ನಯವಾದ ಉಪ್ಪುಕಾಗದ, ಹಳೆಯ ಬನಿಯನ್ ಬಟ್ಟೆ, ಎರಡು ಕುಂಚ. ಕುಂಚದ ವಿಷಯದಲ್ಲಿ ಎಲ್ಲರೂ ಮೋಸಹೋಗುತ್ತಾರೆ. ಸಣ್ಣ ಗೆರೆಗೆ ಅತಿ ಸಣ್ಣ ಕುಂಚ ಬೇಕೆಂದು ಮೂರೇ ಕೂದಲಿನ ಕುಂಚ ತರುತ್ತಾರೆ. ಅದರಲ್ಲಿ ಬಣ್ಣ ನಿಲ್ಲುವುದಿಲ್ಲ, ಗೊಂಬೆಯನ್ನು ತಲುಪುವ ಮೊದಲೇ ಒಣಗುತ್ತದೆ. ಹೊಟ್ಟೆ ಸ್ವಲ್ಪ ದಪ್ಪ, ತುದಿ ಮಾತ್ರ ಸೂಜಿ, ಅಂಥ ಶೂನ್ಯ ಅಥವಾ ಒಂದನೆಯ ನಂಬರಿನ ಕುಂಚ ತನ್ನಿ. ಬಣ್ಣವನ್ನು ಹಾಲಿನ ಹದಕ್ಕೆ ನೀರು ಬೆರೆಸಿ. ಮೊದಲ ಗೆರೆಯನ್ನು ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಎಳೆದು ನೋಡಿ. ಅಲ್ಲಿ ಹರಿದರೆ ಗೊಂಬೆಯ ಮೇಲೂ ಹರಿಯುತ್ತದೆ. ಎರಡೂ ಮಣಿಕಟ್ಟುಗಳನ್ನು ಒಂದಕ್ಕೊಂದು ತಾಗಿಸಿ ಹಿಡಿದರೆ ಕೈ ನಡುಗಿದರೂ ಗೊಂಬೆ, ಕುಂಚ ಎರಡೂ ಒಟ್ಟಿಗೇ ನಡುಗುತ್ತವೆ, ಗೆರೆ ನೆಟ್ಟಗೆ ಬರುತ್ತದೆ!

ಬಣ್ಣ ಎದ್ದು ಸಿಪ್ಪೆಯಾಗಿರುವ ಜಾಗವನ್ನು ಮಾತ್ರ ಒಣ ಕುಂಚದಿಂದ ಉದುರಿಸಿ. ಮಣ್ಣಿನ ಗೊಂಬೆಗೆ, ಹಳೆಯ ಬಣ್ಣದ ಗೊಂಬೆಗೆ ಒದ್ದೆ ಬಟ್ಟೆ ತಾಗಿಸಲೇಬೇಡಿ. ಕಲ್ಲುಪುಡಿಯ ಲೇಪದ ಬದಲು ನಾನು ಸೀಮೆಸುಣ್ಣದ ಪುಡಿಗೆ ಫೆವಿಕಾಲ್ ಮತ್ತು ನೀರು ಬೆರೆಸಿ ತೆಳ್ಳಗೆ ಎರಡು ಸಲ ಹಚ್ಚುತ್ತೇನೆ. ಪೂರಾ ಒಣಗಿದ ಮೇಲೆ ಉಪ್ಪುಕಾಗದದಿಂದ ಮೆಲ್ಲಗೆ ತಿಕ್ಕಿದರೆ ತಳ ಸಿದ್ಧ.

ಈಗ ಚೌಕಳಿ. ಇದರ ಗುಟ್ಟು ಮಗ್ಗದಲ್ಲಿದೆ. ಹಾಸಿನಲ್ಲಿ ಕೆಂಪು ಎಳೆಗಳ ಪಟ್ಟೆ, ಹೊಕ್ಕಿನಲ್ಲೂ ಕೆಂಪು ಎಳೆಗಳ ಪಟ್ಟೆ, ಉಳಿದದ್ದೆಲ್ಲ ಕಪ್ಪು ಎಂದುಕೊಳ್ಳಿ. ಕೆಂಪು ಹಾಸು ಕಪ್ಪು ಹೊಕ್ಕನ್ನು ದಾಟುವಲ್ಲಿ ಬಣ್ಣ ಅರ್ಧ ಕೆಂಪು, ಅರ್ಧ ಕಪ್ಪು. ಕೆಂಪು ಕೆಂಪನ್ನೇ ದಾಟುವ ಮೂಲೆಯಲ್ಲಿ ಮಾತ್ರ ಪೂರ್ತಿ ಕೆಂಪು. ಹಾಗಾದರೆ ಕುಂಚದಲ್ಲಿಯೂ ಹಾಗೆಯೇ ಮಾಡಬೇಕು. ಒಡಲಿನ ಕಪ್ಪಿನ ಮೇಲೆ ಮಂಕು ಕೆಂಪಿನಿಂದ ಉದ್ದಗೆರೆಗಳು, ಒಣಗಿದ ಮೇಲೆ ಅದೇ ಮಂಕಿನಲ್ಲಿ ಅಡ್ಡಗೆರೆಗಳು, ಕೊನೆಗೆ ಎರಡೂ ಕೂಡುವ ಮೂಲೆಗಳಲ್ಲಿ ಗಾಢ ಕೆಂಪಿನ ಒಂದೊಂದು ಚುಕ್ಕಿ. ಆ ಚುಕ್ಕಿ ಬಿದ್ದ ಕೂಡಲೇ ಬಣ್ಣ ಹೋಗಿ ಬಟ್ಟೆ ಕಾಣಿಸುತ್ತದೆ. ನಾನು ಮೊದಲ ಸಲ ಅದನ್ನು ಕಂಡು ಒಬ್ಬಳೇ ಕೂತು ಚಪ್ಪಾಳೆ ತಟ್ಟಿದ್ದೆ.

ಗೆರೆಗಳು ಮೈಯನ್ನು ಅನುಸರಿಸಬೇಕು, ಗಾಳಿಯಲ್ಲಿ ನೆಟ್ಟಗೆ ಹೋಗಬಾರದು. ಸೀರೆ ಸೊಂಟ ಸುತ್ತಿ ಬರುವಲ್ಲಿ ಅಡ್ಡಗೆರೆ ಬಾಗುತ್ತದೆ, ಎಡಹೆಗಲಿಗೆ ಏರುವಲ್ಲಿ ಇಡೀ ಚೌಕಳಿಯೇ ಓರೆಯಾಗುತ್ತದೆ, ನೆರಿಗೆಯ ಕಣಿವೆಯಲ್ಲಿ ಮುರಿದು ಮರೆಯಾಗಿ ಮುಂದಿನ ನೆರಿಗೆಯ ಮೇಲೆ ಸ್ವಲ್ಪ ಸರಿದು ಮತ್ತೆ ಹುಟ್ಟುತ್ತದೆ. ನೆರಿಗೆಯ ಕೆಳತುದಿಯಲ್ಲಿ ಅಂಚು ಹಾವಿನಂತೆ ಒಳಗೆ ಹೊರಗೆ ಹೋಗುತ್ತದೆ. ಪುಸ್ತಕ ನೋಡಿ ಇದನ್ನು ಕಲಿಯಲಾರಿರಿ. ಅಮ್ಮ ಸೀರೆ ಉಟ್ಟು ನಿಂತಾಗ ಹತ್ತು ನಿಮಿಷ ನೋಡಿ. ಹುಡುಗರಿಗೂ ಈ ಮಾತು ಸಲ್ಲುತ್ತದೆ. ಕಿನ್ನಾಳದಲ್ಲಿ ಗಂಡಸರು ಕುಂಚ ಹಿಡಿದು ಸೀರೆ ಬರೆಯುವುದನ್ನು ಯಾರೂ ವಿಚಿತ್ರವೆಂದು ತಿಳಿದವರಲ್ಲ.

ಶೆಟ್ಟಿತಿಗೆ ನಾನು ಉಡಿಸಿದ್ದು ಇಳಕಲ್ ಸೀರೆ. ನನ್ನ ತವರು ಬಾಗಲಕೋಟೆಯ ಕಡೆ, ಕೈಗೆ ಮೊದಲು ಬಂದದ್ದು ಅದೇ. ಇಳಕಲ್ಲಿನಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ‘ಕೊಂಡಿ’ ಹಾಕಿ ಕೂಡಿಸುತ್ತಾರೆ. ಆದ್ದರಿಂದ ಒಡಲು ಎಲ್ಲಿ ಮುಗಿಯಿತು, ಕೆಂಪು ಸೆರಗು ಎಲ್ಲಿ ಹುಟ್ಟಿತು ಎಂಬುದು ಕತ್ತರಿಸಿದಷ್ಟು ಸ್ಪಷ್ಟ. ಸೆರಗಿನಲ್ಲಿ ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ ಪಟ್ಟಿ, ಬಿಳಿಯ ಅಂಚಿನಲ್ಲಿ ಹಣಿಗೆಯ ಹಲ್ಲಿನಂತೆ, ಜೋಳದ ತೆನೆಯಂತೆ ಮೂಡುವ ಮೊನೆಗಳು. ತೋಪು ತೆನೆ ಸೆರಗು ಎನ್ನುವುದು ಇದಕ್ಕೇ. ಮೂರಂಗುಲದ ಗೊಂಬೆಗೆ ತೆನೆ ಬರೆಯಲು ಹೋಗಬೇಡಿ. ಬಿಳಿಪಟ್ಟಿಯ ಅಂಚನ್ನು ಸೂಜಿಯ ಮೊನೆಯಿಂದ ಕೆಂಪಿನೊಳಕ್ಕೆ ಅಲ್ಲಲ್ಲಿ ಎಳೆದರೆ ಸಾಕು, ಇಳಕಲ್ ಕಂಡವರು ತಾವೇ ಉಳಿದದ್ದನ್ನು ಓದಿಕೊಳ್ಳುತ್ತಾರೆ. ಕಸೂತಿ ಬೇಕೆಂದರೆ ಗವಂತಿ, ಮುರುಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗೊಂಬೆಗೆ ದಕ್ಕುವುದು ಮೆಂತಿ, ಅದೂ ಬರೀ ಚುಕ್ಕಿಯಾಗಿ. ಗೋಪುರ, ತೇರು, ಆನೆ ಎಲ್ಲವನ್ನೂ ಚುಕ್ಕಿಯಲ್ಲೇ ಕಟ್ಟಬೇಕು.

ಇನ್ನು ಮೈಸೂರು ರೇಷ್ಮೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಶುರುವಾದ ನೇಯ್ಗೆ ಕಾರ್ಖಾನೆಯ ಕ್ರೇಪ್ ಸೀರೆಯಲ್ಲಿ ವಿನ್ಯಾಸವೇ ಇಲ್ಲ ಎನ್ನಬೇಕು. ಒಂದೇ ಬಣ್ಣದ ಒಡಲು, ಜರಿಯ ಅಂಚು. ಸುಲಭವೆಂದುಕೊಂಡೆ, ಅದೇ ಎಲ್ಲಕ್ಕಿಂತ ಕಷ್ಟ. ವಿನ್ಯಾಸವಿದ್ದರೆ ತಪ್ಪು ಅಡಗುತ್ತದೆ, ಬರಿಯ ರೇಷ್ಮೆಯಲ್ಲಿ ಅಡಗುವುದಿಲ್ಲ. ಹತ್ತಿಯ ಮೇಲೆ ಬೆಳಕು ಅಗಲವಾಗಿ, ಮಂಕಾಗಿ ಹರಡುತ್ತದೆ. ರೇಷ್ಮೆಯ ಮೇಲೆ ಮಡಿಕೆಯ ಏರಿನಲ್ಲಿ ಕಿರಿದಾದ ಮಿಂಚು, ಅದರ ಪಕ್ಕದಲ್ಲೇ ಕತ್ತಲು. ಆ ಮಿಂಚನ್ನು ಬಿಳಿ ಬೆರೆಸಿ ಮಾಡಿದರೆ ಸೀರೆ ಸುಣ್ಣ ಬಳಿದಂತಾಗುತ್ತದೆ. ಕೆಂಪಿಗೆ ಕಿತ್ತಳೆ, ಹಸಿರಿಗೆ ಹಳದಿ, ನೇರಳೆಗೆ ಗುಲಾಬಿ ಬೆರೆಸಬೇಕು. ಜರಿಗೆ ಅಂಗಡಿಯ ಚಿನ್ನದ ಬಣ್ಣ ಹಾಕಿದರೆ ನಾಟಕದ ಕಿರೀಟದಂತಾಗುತ್ತದೆ ಎಂದು ನನ್ನ ಅಭಿಪ್ರಾಯ. ಮೊದಲು ಕಾವಿ ಬೆರೆತ ಹಳದಿ, ಮೇಲೆ ತಿಳಿಹಳದಿಯ ಸಣ್ಣ ಗೀರುಗಳು, ಬೆಳಕು ಬೀಳುವಲ್ಲಿ ಮಾತ್ರ ಬೆಣ್ಣೆಬಿಳಿಯ ನಾಲ್ಕಾರು ಚುಕ್ಕಿ. ಬಲರಾಮಪುರಂ ಕಸವಿಗೂ ಇದೇ ಜರಿ. ಅದರ ಕೆನೆಬಣ್ಣದ ನೆರಳಿಗೆ ಕಪ್ಪು ಬೇಡ, ಬೂದಿ ಬೆರೆತ ಕಂದು ಹಾಕಿ.

ಎಡವಿದ್ದನ್ನೂ ಹೇಳಿಬಿಡುತ್ತೇನೆ. 2023ರ ಜೂನ್ ತಿಂಗಳು, ಇಡವಪಾತಿ ಮಳೆ ಸುರಿಯುತ್ತಿತ್ತು. ಶೆಟ್ಟಿತಿಯ ಇಳಕಲ್ ಮುಗಿದ ಸಂತೋಷದಲ್ಲಿ ಅಂದೇ ಸಂಜೆ ವಾರ್ನಿಷ್ ಹೊಡೆದೆ. ಬೆಳಿಗ್ಗೆ ನೋಡಿದರೆ ಸೀರೆಯ ಮೇಲೆಲ್ಲ ಬಿಳಿ ಮಂಜು! ಗಾಳಿಯ ತೇವ ವಾರ್ನಿಷಿನಲ್ಲಿ ಸಿಕ್ಕಿಕೊಂಡು ಹಾಗಾಗುತ್ತದಂತೆ. ಒಂದು ತಿಂಗಳ ಕೆಲಸ ನೀರುಪಾಲು, ಅಳುವುದೊಂದು ಬಾಕಿ. ಹಾಗಾಗಿ ಕೇರಳದಲ್ಲಿರುವ ನಮಗೆ ಪಂಚಾಂಗ ಬೇರೆ. ಬಣ್ಣವನ್ನು ಮಳೆಗಾಲದಲ್ಲೂ ಹಾಕಬಹುದು, ಕುಂಚದ ಮೇಲೆ ಬೇಗ ಒಣಗದಿರುವುದರಿಂದ ಗೆರೆಗೆ ಒಳ್ಳೆಯದೇ. ವಾರ್ನಿಷ್ ಮಾತ್ರ ಒಣಬಿಸಿಲಿನ ದಿನ ನೋಡಿ, ಹೊಳಪಿಲ್ಲದ್ದನ್ನು, ತೆಳ್ಳಗೆ. ಕೊಚ್ಚಿಯವರಿಗೂ ಇದೇ ಮಾತು.

ರಾಣಿಯ ಸೀರೆ

2024ರ ಬೇಸಗೆಯಲ್ಲಿ ಕಡೆಗೂ ರಾಣಿಯನ್ನು ಕೈಗೆತ್ತಿಕೊಂಡೆ. ಯಾವ ಸೀರೆ? ಅತ್ತೆಯವರನ್ನೇ ಕೇಳಿದೆ. ಆಗ ಅವರಿಗೆ ಎಂಬತ್ತಾರು.

“ಗಿಳಿಹಸಿರು ಕಣಮ್ಮ. ಅಂಚು ಕೆಂಪು. ನನಗೆ ಚೆನ್ನಾಗಿ ನೆನಪಿದೆ” ಎಂದರು.

ಗಿಳಿಹಸಿರನ್ನೇ ಕಲೆಸಿಟ್ಟುಕೊಂಡೆ. ಧೂಳು ತೆಗೆಯಲು ಗೊಂಬೆಯನ್ನು ತಿರುಗಿಸಿ, ಎಡಗೈಯ ಕೆಳಗೆ ಸೆರಗು ಮಡಿಸಿಕೊಂಡ ಸಂದಿಗೆ ಟಾರ್ಚು ಬಿಟ್ಟೆ. ಗಾಳಿ ತಾಗದ ಆ ಸಂದಿಯಲ್ಲಿ ಹಳೆಯ ಬಣ್ಣ ಹಾಗೇ ಉಳಿದಿತ್ತು. ಕಡಲೆಬೇಳೆಯಷ್ಟಗಲ. ಹಸಿರಲ್ಲ, ಬದನೆಕಾಯಿ ಬಣ್ಣ! ಅದರ ತುದಿಯಲ್ಲಿ ಹಳದಿಯ ಮೂರು ದುಂಡು ಚುಕ್ಕಿ ಸಾಲಾಗಿ, ರುದ್ರಾಕ್ಷಿ ಅಂಚಿನಂತೆ.

ಹೇಳುವುದೋ ಬೇಡವೋ ಎಂದು ಎರಡು ದಿನ ಸುಮ್ಮನಿದ್ದೆ. ನೆನಪನ್ನು ಸುಳ್ಳು ಮಾಡುವುದು ಸುಲಭವಲ್ಲ, ಅದೂ ಎಂಬತ್ತಾರರ ವಯಸ್ಸಿನವರದು. ಹಸಿರನ್ನೇ ಬಳಿದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಹಸಿರು ಬಳಿದರೆ ಸಂದಿಯೂ ಮುಚ್ಚಿಹೋಗುತ್ತದೆ, ಆಮೇಲೆ ಯಾರೂ ತಿಳಿಯಲಾರರು. ಮೂರನೆಯ ದಿನ ಭೂತಗನ್ನಡಿ, ಟಾರ್ಚು, ಗೊಂಬೆ ಮೂರನ್ನೂ ಅವರ ಕೈಗೇ ಕೊಟ್ಟೆ.

ಬಹಳ ಹೊತ್ತು ನೋಡಿದರು. “ಹಸಿರು ನನ್ನ ಧಾರೆ ಸೀರೆ” ಎಂದರು ಆಮೇಲೆ. “ಇದು ನಮ್ಮಮ್ಮನದು. ಅಮ್ಮ ಆವತ್ತು ಇದನ್ನೇ ಉಟ್ಟಿದ್ದರು. ರುದ್ರಾಕ್ಷಿ ಅಂಚು.” ಬಣ್ಣ ಹಾಕಿದವನು ಅವರಮ್ಮನ ಸೀರೆ ನೋಡಿಯೇ ಹಾಕಿದ್ದೋ, ಇಲ್ಲ ಅದು ಅವನ ಕೈಗೆ ಬಂದ ಬಣ್ಣವೋ, ಯಾರು ಬಲ್ಲರು? ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ. ಹಸಿರನ್ನು ತಟ್ಟೆಯಿಂದ ತೊಳೆದೆ.

ಒಂದು ಮಾತನ್ನು ನಿಮಗೆ ಒತ್ತಿ ಹೇಳಬೇಕು. ಮನೆಯ ಹಳೆಯ ಗೊಂಬೆಗೆ ಕುಂಚ ತಾಗಿಸುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ, ಸಂದಿಗೊಂದಿಗೆ ಟಾರ್ಚು ಬಿಡಿ, ಹಿರಿಯರನ್ನು ಕೇಳಿ. ಬಣ್ಣ ಅಲ್ಲಲ್ಲಿ ಹೋಗಿದ್ದರೆ ಹೋದ ಜಾಗವನ್ನಷ್ಟೇ ತುಂಬಿಸಿ. ಹಳೆಯ ಕಿನ್ನಾಳದ ಗೊಂಬೆಯೋ ತೊಗಲುಗೊಂಬೆಯೋ ಮನೆಯಲ್ಲಿದ್ದರೆ ದಯವಿಟ್ಟು ಕೈ ಹಾಕಲೇಬೇಡಿ. ನಾನು ಆ ಸಂದಿಯ ಕಡಲೆಬೇಳೆಯಷ್ಟು ಬಣ್ಣವನ್ನು ಹಾಗೇ ಬಿಟ್ಟು ಅದರ ಸುತ್ತ ಬರೆದಿದ್ದೇನೆ.

ಬದನೆಕಾಯಿ ಬಣ್ಣ ಕಲೆಸಲು ವಾರ ಹಿಡಿಯಿತು. ನೀಲಿ ಹೆಚ್ಚಾದರೆ ಶಾಯಿ, ಕೆಂಪು ಹೆಚ್ಚಾದರೆ ಬೀಟ್‌ರೂಟ್. ಕೊನೆಗೆ ಒಂದು ಹನಿ ಕಂದು ಬಿದ್ದಾಗ ಸಂದಿಯ ಬಣ್ಣಕ್ಕೆ ಕೂಡಿತು. ರುದ್ರಾಕ್ಷಿಯ ಚುಕ್ಕಿಗಳನ್ನು ಕುಂಚದಿಂದ ಇಡಲಾಗಲಿಲ್ಲ, ಗುಂಡುಸೂಜಿಯ ತಲೆಯನ್ನು ಬಣ್ಣದಲ್ಲಿ ಅದ್ದಿ ಇಟ್ಟೆ. ಎಣಿಸಿದೆ, 212.

ಕುಪ್ಪಸದ ಬಣ್ಣ ಎಲ್ಲಿಯೂ ಉಳಿದಿರಲಿಲ್ಲ. ಅಲ್ಲಿ ನಾನು ಸ್ವಲ್ಪ ಕಳ್ಳತನ ಮಾಡಿದೆ. ನಮ್ಮ ಕಡೆಯ ಗುಳೇದಗುಡ್ಡದ ಖಣವನ್ನು ಬರೆದೆ. ಖಣದಲ್ಲಿ ತೇರು, ಆನೆ ಹೆಜ್ಜೆ ಎಂದೆಲ್ಲ ವಿನ್ಯಾಸಗಳಿವೆ. ಈ ಅಳತೆಯಲ್ಲಿ ಅವೆಲ್ಲ ಸಾಲುಸಾಲು ಚುಕ್ಕಿಗಳೇ, ಕೆಂಪು ನೆಲದ ಮೇಲೆ ಒಂದು ಸಾಲು ಬಿಟ್ಟು ಒಂದು ಸಾಲು. ಮೈಸೂರಿನ ಅತ್ತೆಗೆ ತಿಳಿಯದೆಂದುಕೊಂಡೆ.

ಆ ವರ್ಷದ ನವರಾತ್ರಿಯಲ್ಲಿ ರಾಣಿ ಪಟ್ಟಕ್ಕೆ ಕೂತಳು. ಪದ್ಮನಾಭಪುರದಿಂದ ಸರಸ್ವತಿ ಅಮ್ಮನವರು ಮೆರವಣಿಗೆಯಲ್ಲಿ ಕೋಟೆಗೆ ಬಂದು ತಲುಪಿದ್ದರು, ಇತ್ತ ನಮ್ಮ ಮನೆಯಲ್ಲಿ ಮೆಟ್ಟಿಲು ಕಟ್ಟಿ ಮುಗಿದಿತ್ತು. ಅತ್ತೆ ಭೂತಗನ್ನಡಿ ಹಿಡಿದು ಮೇಲಿನಿಂದ ಕೆಳಗಿನವರೆಗೆ ಪರೀಕ್ಷೆ ಮಾಡಿದರು. ಕುಪ್ಪಸದ ಹತ್ತಿರ ಗನ್ನಡಿ ನಿಂತಿತು.

“ಇದೇನು, ನಿಮ್ಮೂರ ಖಣ ಅಲ್ಲವೇನೇ?”

“ಹೌದು ಅತ್ತೆ.”

“ಇರಲಿ ಬಿಡು. ಸೀರೆ ನಮ್ಮಮ್ಮನದು, ಕುಪ್ಪಸ ನಿನ್ನದು.”

ಆ ಹುಡುಗಿಯೂ ಬಂದಿದ್ದಳು. ಈಗ ಕಾಲೇಜು. ಸೀರೆಯ ಹೆಸರು, ಅಂಚಿನ ಹೆಸರು, ಖಣದ ಹೆಸರು ಎಲ್ಲ ಕೇಳಿ ಬರೆದುಕೊಂಡಳು, ಮಲಯಾಳಂ ಲಿಪಿಯಲ್ಲಿ! ನಾನೇನೂ ಅನ್ನಲಿಲ್ಲ. ಅವಳ ಪ್ರಶ್ನೆಯಿಂದಲೇ ತಾನೇ ಇದೆಲ್ಲ ಆದದ್ದು. ಅವರ ಮನೆಯಲ್ಲೂ ಅಜ್ಜಿಯ ಕಾಲದ ಒಂದು ಜೋಡಿ ಇದೆಯಂತೆ, ರಾಜನ ಶಲ್ಯದ ಅಂಚು ಪೂರಾ ಹೋಗಿದೆಯಂತೆ.

ನಮ್ಮ ರಾಜನ ಪಂಚೆಯೂ ಇನ್ನೂ ಬಾಕಿ ಇದೆ. ಬಿಳಿಯ ಮೇಲೆ ಬಿಳಿ ಬರೆಯುವ ಕೆಲಸ, ಮುಂದೂಡುತ್ತಲೇ ಬಂದಿದ್ದೇನೆ. ಓಣಂ ಕಳೆದ ಮೇಲೆ ನಾಲ್ಕು ಬಿಸಿಲು ದಿನ ಸಿಕ್ಕರೆ ಕೂರಬೇಕು. ನಿಮ್ಮಲ್ಲಿ ಯಾರಿಗಾದರೂ ಆಸಕ್ತಿ ಇದ್ದರೆ ಸಂಘದಲ್ಲಿ ಹೇಳಿ ಕಳುಹಿಸಿ, ಯಾವುದಾದರೂ ಭಾನುವಾರ ಮಧ್ಯಾಹ್ನ ಬನ್ನಿ. ಬಣ್ಣ, ಕುಂಚ ನನ್ನಲ್ಲಿವೆ. ಹಳೆಯ ಬನಿಯನ್ ಬಟ್ಟೆ ನೀವೇ ತನ್ನಿ. ಮೊದಲ ದಿನ ಪಟ್ಟದ ಗೊಂಬೆ ತರಬೇಡಿ, ಶೆಟ್ಟಿತಿಯೊಬ್ಬಳನ್ನು ತನ್ನಿ.